ಫಿಟ್ಟರ್‌ಗೆ ಬೆಂಚ್ ಇಲ್ಲ

ಹೋದ ವಾರ ಆಫೀಸ್ ಕ್ಯಾಂಟೀನಲ್ಲಿ ನಮ್ಮ ಮ್ಯಾನೇಜರ್ ಅಪ್ಪಣೆ ಕೊಡಿಸಿದ್ರು: "ಫ್ಯಾಕ್ಟರಿಗಳಲ್ಲಿ ಕೆಲಸ ಬೇಕಾದಷ್ಟಿದೆ. ಹಳ್ಳಿ ಹುಡುಗರಿಗೆ ಸ್ಕಿಲ್ ಇಲ್ಲ, ಮೈ ಬಗ್ಗಲ್ಲ, ಅಷ್ಟೆ." ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನಾನೂ ಇಡ್ಲಿ ಜೊತೆ ಮಾತು ನುಂಗಿಕೊಂಡು ಸುಮ್ಮನಾದೆ. ಆ ತಪ್ಪಿಗೆ ಇದನ್ನ ಬರೀತಿದೀನಿ.

ನಮ್ಮೂರು ಕೊಟ್ಟೂರಿನ ಹತ್ತಿರ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯವರು ಗುಳೆ ಹೊರಡೋದು ಹೊಸದಲ್ಲ. ಆದರೆ ನಮ್ಮ ದೊಡ್ಡಪ್ಪನ ಕಾಲದಲ್ಲಿ ಗುಳೆ ಅಲ್ಲದ ದಾರಿಯೂ ಒಂದಿತ್ತು: ದಾವಣಗೆರೆ ಬಸ್ಸು ಹತ್ತಿ ಬಟ್ಟೆ ಮಿಲ್ಲಿಗೆ ಸೇರೋದು. ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ಊರಿನವರೊಬ್ಬರು ಜಾಬರ್ ಕಿವಿಗೆ ಹಾಕಿದರು (ನಾವು ಇದನ್ನ ರೆಫರಲ್ ಅಂತೀವಿ, ಹಳ್ಳಿಯವರು ಮಾಡಿದ್ರೆ ವಶೀಲಿ ಅಂತೀವಿ). ಮೊದಲು ಬದಲಿ ಕೆಲಸ, ಆಮೇಲೆ ಕಾಯಂ, ಪಿಎಫ್, ಇಎಸ್‌ಐ. ಸೇರಿದ ದಿನ ಅವರಿಗೆ ಜೋಳ ಬಿತ್ತೋದು ಬಿಟ್ಟರೆ ಯಾವ ಸ್ಕಿಲ್ಲೂ ಇರಲಿಲ್ಲ. ಮಗ್ಗದ ಮುಂದೆ ನಿಲ್ಲಿಸಿ, ಸಂಬಳ ಕೊಟ್ಟು ಕಲಿಸಿದರು.

ಮಿಲ್ಲೇನೂ ಸ್ವರ್ಗ ಆಗಿರಲಿಲ್ಲ. ಹತ್ತಿ ಧೂಳಿನ ಕೆಮ್ಮು ದೊಡ್ಡಪ್ಪನ್ನ ಕೊನೇವರೆಗೂ ಬಿಡಲಿಲ್ಲ. ಆದ್ರೂ ಆ ಸಂಬಳದಲ್ಲೇ ನನ್ನ ಬಿಇ ಫೀಸಿನ ಒಂದು ಪಾಲು ಬಂದದ್ದು.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಬಿರುದಿತ್ತು. ಹಳೇ ಯಂತ್ರ, ಪವರ್‌ಲೂಮ್ ಪೈಪೋಟಿ, ದೇಶದ ಹಳೇ ಮಿಲ್‌ಗಳಿಗೆಲ್ಲ ಬಂದ ಕಾಯಿಲೆ ಇಲ್ಲಿಗೂ ಬಂತು. ಒಂದೊಂದಾಗಿ ಬಾಗಿಲು ಹಾಕಿದವು. ಈಗ ಅದು ಬೆಣ್ಣೆದೋಸೆ ಮತ್ತು ಕಾಲೇಜುಗಳ ಊರು. 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ 20 ನಗರಗಳಲ್ಲಿ ಒಂದಾಯ್ತು, ಮಿಲ್ ಮಾತ್ರ ತೆರೆಯಲಿಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿ ಎರಡು ದಶಕ ದಾಟಿದೆ. 2019ರಲ್ಲಿ ಕೊಟ್ಟೂರು ಮೇಲೆ ಹರಿಹರ–ಹೊಸಪೇಟೆ ಪ್ಯಾಸೆಂಜರ್ ರೈಲು ಬಂತು. ಕಾರ್ಖಾನೆ ಇದ್ದಾಗ ರೈಲಿರಲಿಲ್ಲ, ರೈಲು ಬಂದಾಗ ಕಾರ್ಖಾನೆ ಇರಲಿಲ್ಲ.

ಈಗ ನನ್ನ ಚಿಕ್ಕಪ್ಪನ ಮಗನ ವಿಷಯಕ್ಕೆ ಬರ್ತೀನಿ. ಎರಡು ವರ್ಷದ ಐಟಿಐ, ಫಿಟ್ಟರ್. ಲೇತ್ ಕಲಿತದ್ದು ಹರಿಹರದಲ್ಲೇ ತಯಾರಾದ ಒಂದು ಹಳೇ ಕಿರ್ಲೋಸ್ಕರ್ ಮೇಲೆ. ದಾವಣಗೆರೆ, ಹರಿಹರ ಸುತ್ತಿದ. ಸೆಕ್ಯೂರಿಟಿ ಬಯೋಡೇಟಾ ಇಸ್ಕೊಂಡು ಕಳಿಸಿದ, ಎಲ್ಲಾ ಕಡೆ ಅಷ್ಟೇ. ಬೆಂಗಳೂರಿಗೆ ಬಂದು ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದ. ವರ್ಷ ತುಂಬಿದ ದಿನ ಫೋನ್ ಮಾಡಿದ: "ಅಣ್ಣಾ, ನಾಳಿಂದ ಬ್ಯಾಡ ಅಂದ್ರು. ನನ್ನ ಮಷೀನಿಗೆ ಇವತ್ತೇ ಹೊಸ ಹುಡುಗ ಬಂದಾನ, ನಾನೇ ಕಲಿಸಿ ಬಂದೆ."

ಸ್ಕಿಲ್ ಇಲ್ಲದವನು ಕಲಿಸಿ ಬಂದನಂತೆ! 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ, ತರಬೇತಿ ಮುಗಿದವನಿಗೆ ಕೆಲಸ ಕೊಡಲೇಬೇಕು ಅನ್ನೋ ಕಟ್ಟುಪಾಡಿಲ್ಲ. 2016ರ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನ, ತಿಂಗಳಿಗೆ 1500 ರೂಪಾಯಿವರೆಗೆ, ಸರ್ಕಾರವೇ ಭರಿಸುತ್ತೆ ಅಂತ ಇಟ್ಟರು. ಹೀಗಿದ್ದಾಗ ಯಾರು ಕಾಯಂ ಮಾಡಿಕೊಳ್ತಾರೆ? ಪ್ರತಿ ವರ್ಷ ಹೊಸ ಬ್ಯಾಚು ಬಂದ್ರೆ ಸಾಕು. ನಮ್ಮ ಭಾಗಕ್ಕೆ 371ಜೆ ಇದೆಯಲ್ಲ ಅಂತೀರಾ? ಅದು ಸರ್ಕಾರಿ ಹುದ್ದೆಗೆ, ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆ ಗೇಟಿನೊಳಗೆ ಅದು ನಡೆಯಲ್ಲ.

ನನಗೆ ಪ್ರಾಜೆಕ್ಟ್ ಇಲ್ಲದೆ ಎರಡು ತಿಂಗಳು ಬೆಂಚ್ ಮೇಲೆ ಕೂತಿದ್ದೆ. ಸಂಬಳ ಬಂತು, ಹೊಸ ಕೋರ್ಸಿಗೆ ದುಡ್ಡನ್ನೂ ಕಂಪನಿಯೇ ಕೊಡ್ತು. ಆಗ ಯಾರೂ ನನಗೆ ಮೈ ಬಗ್ಗಲ್ಲ ಅನ್ನಲಿಲ್ಲ. ಫಿಟ್ಟರ್ ಎರಡು ತಿಂಗಳು ಖಾಲಿ ಕೂತರೆ ಮಾತ್ರ ಸೋಮಾರಿ.

ಸ್ಕಿಲ್ ಬಗ್ಗೆ ಭಾಷಣ ಮಾಡೋರಿಗೆ ನಂದೊಂದೇ ಕೇಳಿಕೆ. ಸರ್ಕಾರದ ದುಡ್ಡಲ್ಲಿ ಅಪ್ರೆಂಟಿಸ್ ಇಟ್ಕೊಳ್ಳೋ ಕಾರ್ಖಾನೆ, ಹೋದ ವರ್ಷ ಎಷ್ಟು ಜನ ಬಂದ್ರು, ಎಷ್ಟು ಜನರನ್ನ ಉಳಿಸಿಕೊಂಡ್ರಿ ಅನ್ನೋ ಎರಡು ನಂಬರನ್ನ ಗೇಟಿಗೆ ಬರೆದು ಹಾಕಲಿ. ಆಮೇಲೆ ಸ್ಕಿಲ್ ವಿಷಯ ಮಾತಾಡೋಣ.

ನಿನ್ನೆ ತಮ್ಮ ಮತ್ತೆ ಫೋನ್ ಮಾಡಿದ್ದ. "ಎರಡು ವರ್ಷ ಎಕ್ಸ್‌ಪೀರಿಯನ್ಸ್ ಕೇಳ್ತಾರ ಅಣ್ಣ. ಮೂರು ಕಡೆ ಮಾಡಿದ್ದು ಕೂಡಿಸಿದ್ರ ಎರಡು ವರ್ಷ ಆಗತ್ತಲ್ಲ?" ಅಂದ. ಆಗುತ್ತೆ. ಆದರೆ ಎರಡು ಕಡೆ ಅವನ ಹೆಸರಿದ್ದದ್ದು ಲೇಬರ್ ಕಂಟ್ರಾಕ್ಟರ್ ಪುಸ್ತಕದಲ್ಲಿ. ಆ ಕಂಟ್ರಾಕ್ಟರ್ ಈಗ ಫೋನ್ ಎತ್ತುತ್ತಿಲ್ಲ.