ಸ್ಯಾಂಡಿಫರ್ಡ್ ಪತ್ರ – 14: ನಾಣ್ಯದ ಮೇಲಿನ ದೇವರು

ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತೆ ಅನ್ನೋ ಫಾರ್ವರ್ಡ್ ನಮ್ಮ ಗ್ರೂಪಿಗೆ ಮತ್ತೆ ಬಂದಿದೆ. ಅದರ ಹಿಂದೆಯೇ ಚಿಕ್ಕಪ್ಪನ ಪ್ರಶ್ನೆ: "ಪೆಸಿಫಿಕ್ ದ್ವೀಪಗಳ ಬೆಳ್ಳಿ ನಾಣ್ಯ ಕೊಂಡಿಟ್ರೆ ಲಾಭವೇನಮ್ಮಾ?" ನನ್ನ ಉತ್ತರ ಇಷ್ಟೇ: ಚಂದ ಕಂಡರೆ ಕೊಳ್ಳಿ, ಆಸ್ತಿ ಅಂತ ಕೊಳ್ಳಬೇಡಿ.

ಪಾಲಿನೇಷ್ಯಾದ ಕುಕ್ ದ್ವೀಪಗಳು 1972ರಲ್ಲಿ ತಮ್ಮದೇ ನಾಣ್ಯ ತಂದವು. ಒಂದು ಡಾಲರ್ ಮೇಲೆ ಅವರ ಸಮುದ್ರದೇವರು ತಂಗರೋವಾ. ಜನ ಆ ದೇವರನ್ನು ಜೇಬಲ್ಲಿಟ್ಟುಕೊಂಡು ಪೇಟೆಗೆ ಹೋಗಿ ಬ್ರೆಡ್ ಕೊಂಡರು. ಪಕ್ಕದ ನಿಯುವೆ ದ್ವೀಪದಲ್ಲಿ ಎರಡು ಸಾವಿರ ಜನರೂ ಇಲ್ಲ, ವ್ಯವಹಾರ ನಡೆಯೋದು ನ್ಯೂಜಿಲೆಂಡ್ ಡಾಲರಿನಲ್ಲಿ. ಅದರ ಹೆಸರಲ್ಲಿ ಕಡಲಾಮೆಯ ಬೆಳ್ಳಿ ನಾಣ್ಯವೂ ಬರುತ್ತೆ, ಸ್ಟಾರ್ ವಾರ್ಸ್ ನಾಣ್ಯವೂ ಬರುತ್ತೆ. ಪುಟ್ಟ ದ್ವೀಪ ಹೆಸರು ಕೊಟ್ಟು ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನಿಲ್ಲ. ಆದರೆ ಕೊಳ್ಳುವವರು ತಿಳಿದಿರಬೇಕು: ಅದು ಅಲ್ಲಿನವರ ಕೈಯಲ್ಲಿ ಓಡಾಡಿದ ದುಡ್ಡಲ್ಲ, ಸಂಗ್ರಾಹಕರಿಗೆ ಅಂತಲೇ ಮಾಡಿದ ವಸ್ತು.

ನಾನಿರುವ ಸ್ಯಾಂಡಿಫರ್ಡ್‌ನಲ್ಲೇ ಐರ್ಲೆಂಡಿನ ಸೆಂಟ್ರಲ್ ಬ್ಯಾಂಕಿನ ಕರೆನ್ಸಿ ಸೆಂಟರ್ ಇದೆ. ಈ ದೇಶದ 1928ರ ನಾಣ್ಯಗಳನ್ನು ಆರಿಸಿದ ಸಮಿತಿಗೆ ಕವಿ ಯೇಟ್ಸ್ ಅಧ್ಯಕ್ಷರು. ಪೆನ್ನಿ ಮೇಲೆ ಕೋಳಿ ಮತ್ತು ಮರಿಗಳು, ಅರ್ಧ ಪೆನ್ನಿ ಮೇಲೆ ಹಂದಿ ಮತ್ತು ಮರಿಗಳು, ಶಿಲ್ಲಿಂಗ್ ಮೇಲೆ ಗೂಳಿ. ಹಳ್ಳಿಯ ಬದುಕೇ ಚಿಲ್ಲರೆಯಾಗಿ ಮನೆಮನೆಗೆ ಹೋಯಿತು. 2013ರಲ್ಲಿ ಇದೇ ಬ್ಯಾಂಕ್ ಸಾಹಿತಿ ಜೇಮ್ಸ್ ಜಾಯ್ಸ್ ನೆನಪಿಗೆ 10 ಯೂರೋ ಮುಖಬೆಲೆಯ 10,000 ಬೆಳ್ಳಿ ನಾಣ್ಯ ತಂದು, ಒಂದಕ್ಕೆ 46 ಯೂರೋ ಬೆಲೆ ಇಟ್ಟಿತು. ಅವರ 'ಯುಲಿಸಿಸ್' ಕಾದಂಬರಿಯ ಸಾಲು ಕೆತ್ತುವಾಗ ಒಂದು ಪದ ಹೆಚ್ಚಾಗಿ ಸೇರಿತ್ತು! ತಪ್ಪಿರಲಿ, ಸರಿಯಿರಲಿ, ದಿನಸಿ ಅಂಗಡಿಯಲ್ಲಿ ಅದು 10 ಯೂರೋ ಮಾತ್ರ.

ನಮ್ಮ ಅಜ್ಜಿಯರು ಕಾಸಿನ ಸರಕ್ಕೆ ಚಿನ್ನದ ತೂಕ ನೋಡಿಯೇ ದುಡ್ಡು ಕೊಟ್ಟರು. ಲಕ್ಷ್ಮಿಯ ಚಿತ್ರಕ್ಕೆ ಕೈ ಮುಗಿದರು, ಅದಕ್ಕೆ ಬೇರೆ ಬೆಲೆ ಕಟ್ಟಲಿಲ್ಲ. ಆ ಲೆಕ್ಕವೇ ಸರಿ.

ವೈಷ್ಣೋದೇವಿ ನಾಣ್ಯ ಇದ್ದರೆ ದೇವರ ಮುಂದಿಡಿ, ಇಲ್ಲವೇ ಹಾಲಿನವರಿಗೆ ಕೊಡಿ. "ನಾವು ಕೊಳ್ತೀವಿ, ಮೊದಲು ಕಮಿಷನ್ ಕಳಿಸಿ" ಅಂದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ತನ್ನ ಹೆಸರಲ್ಲಿ ಹೀಗೆ ಮೋಸ ನಡೀತಿದೆ, ಹಳೇ ನೋಟು-ನಾಣ್ಯಕ್ಕೆ ತಾನು ಕಮಿಷನ್ ಕೇಳೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಫಾರ್ವರ್ಡ್ ಮಾಡೋದಿದ್ದರೆ ಈ ಮಾತನ್ನ ಮಾಡಿ.