ನೆಲಮನೆಯೂ ನೆಲದ ನೀರೂ

ಸಿಂಧನೂರು ಸೀಮೆಯ ಹಿರಿಯರು ನೆಲವನ್ನು ನಂಬಿ ಧಾನ್ಯವಿಡುತ್ತಿದ್ದರು. ಎತ್ತರದ ಗಟ್ಟಿ ಜಾಗ ನೋಡಿ ಹಗೇವು ತೋಡಿ, ಒಳಮೈಗೆ ಜೋಳದ ಕಣಿಕೆಯನ್ನು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆಂದರೆ ಬರಗಾಲದ ವರ್ಷಕ್ಕೆ ಅದೇ ಮನೆಯವರ ಆಸರೆ. ಆ ಹಗೇವಿಗೆ ಸಿಮೆಂಟಿನ ಗಿಲಾಯಿ ಇರಲಿಲ್ಲ. ಅದನ್ನು ಕಾಯ್ದವು ಎರಡು ಸಂಗತಿಗಳು: ಜಾಗವನ್ನಾರಿಸಿದವರ ವಿವೇಕ, ಮತ್ತು ಬಹು ಆಳದಲ್ಲಿದ್ದ ಅಂತರ್ಜಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ತಿಯಾಗಿ, ಎಡದಂಡೆ ಕಾಲುವೆಯ ನೀರು ಕ್ರಮೇಣ ಈ ಸೀಮೆಗೆ ಹರಿದ ಮೇಲೆ ಜೋಳ ಹತ್ತಿಗಳ ಎರೆಭೂಮಿ ಭತ್ತದ ಕಣಜವಾಯಿತು. ಆ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ನೀರು ಮೇಲೆ ಹರಿದಂತೆ ಕೆಳಗೂ ಏರಿತೆಂಬುದನ್ನು ಮರೆಯಲಾಗದು. ಏರಿದ ಅಂತರ್ಜಲಕ್ಕೂ ಇಂದು ಪೇಟೆಯಲ್ಲಿ ಅಂಗಡಿಗಾಗಿ, ದಾಸ್ತಾನಿಗಾಗಿ, ವಾಹನಗಳಿಗಾಗಿ ನೆಲಮಾಳಿಗೆ ಕಟ್ಟಿಸುವವರಿಗೂ ಇರುವ ಸಂಬಂಧವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಒಳಗೋಡೆಯಲ್ಲಿ ತೇವ ಕಂಡೊಡನೆ ಜನರು ಮಾಡುವದೇನು? ಒಳಗಿನಿಂದಲೇ ಗಿಲಾಯಿ ಮಾಡಿಸಿ ಬಣ್ಣ ಬಳಿಸುವರು. ಮುಂದಿನ ಹಂಗಾಮಿಗೆ ಬಿಳಿಯ ಸವಳು ಹೊಮ್ಮಿ ಗಿಲಾಯಿ ಹೊಪ್ಪಳಿಕೆಯಾಗಿ ಉದುರುವದು. ಹೊರಗಿನಿಂದ ನೂಕುವ ನೀರಿಗೆ ಒಳಗಿನ ಲೇಪ ಎಷ್ಟು ದಿನ ತಡೆಯಾದೀತು? ಲೆಕ್ಕವನ್ನೇ ನೋಡೋಣ. ನೆಲಗಟ್ಟಿನಿಂದ 5 ಅಡಿ ಎತ್ತರಕ್ಕೆ ಹೊರಗೆ ನೀರು ನಿಂತರೆ, ಅದು ಪ್ರತಿ ಚದರ ಮೀಟರಿಗೆ ಸುಮಾರು 1,500 ಕಿಲೋಗ್ರಾಮಿನಷ್ಟು ಬಲದಿಂದ ನೆಲಗಟ್ಟನ್ನು ಮೇಲಕ್ಕೆತ್ತುವದು. 6 ಅಂಗುಲದ ಕಾಂಕ್ರೀಟಿನ ತೂಕವಾದರೋ ಅಷ್ಟೇ ಜಾಗಕ್ಕೆ ಸುಮಾರು 360 ಕಿಲೋಗ್ರಾಮು ಮಾತ್ರ. 20 ಅಡಿ ಅಗಲ, 30 ಅಡಿ ಉದ್ದದ ಕೋಣೆಯ ಅಡಿಯಲ್ಲಿ ಈ ಒತ್ತಡ ಸುಮಾರು 85 ಟನ್ನಾಗುವದು. ಬಣ್ಣದ ಡಬ್ಬಿಯಿಂದ ಇದನ್ನು ಗೆಲ್ಲುವೆವೆನ್ನುವದು ಭ್ರಮೆಯೇ ಸರಿ.

ಆದುದರಿಂದ ಕಟ್ಟುವ ಮೊದಲೇ ಎಚ್ಚರವಿರತಕ್ಕದ್ದು. ಬೇಸಿಗೆಯಲ್ಲಿ ಒಣಗಿದ ಕುಣಿಯನ್ನು ನೋಡಿ ಮೋಸಹೋಗಬಾರದು. ಮಳೆಗಾಲದಲ್ಲಿಯೂ ಕಾಲುವೆ ತುಂಬಿ ಹರಿಯುವ ತಿಂಗಳುಗಳಲ್ಲಿಯೂ ನೀರು ಎಲ್ಲಿಯವರೆಗೆ ಏರುವದೆಂದು ಅಳೆದು ನೋಡಬೇಕು. ನೀರುತಡೆಯ ಹೊದಿಕೆ ಗೋಡೆಯ ಹೊರಮೈಗೂ ನೆಲಗಟ್ಟಿನ ಅಡಿಗೂ ಎಲ್ಲಿಯೂ ಕಡಿಯದಂತೆ ಹಬ್ಬಿರಬೇಕು. ಗೋಡೆ ಮತ್ತು ನೆಲಗಟ್ಟು ಕೂಡುವ ಸಂದೇ ನೀರಿನ ಹೆಬ್ಬಾಗಿಲು. ಅಲ್ಲಿ ತಡೆಪಟ್ಟಿಯಿಡದೆ ಕಾಂಕ್ರೀಟು ಸುರಿಯಿಸಿದವರು ಆಮೇಲೆ ಪಶ್ಚಾತ್ತಾಪಪಡುವರು. ನಮ್ಮ ಎರೆಮಣ್ಣು ನೆನೆದಾಗ ಉಬ್ಬಿ ಗೋಡೆಯನ್ನು ಒತ್ತುವದು, ಒಣಗಿದಾಗ ಬಿರಿಯುವದು, ನೀರನ್ನು ಬೇಗ ಬಿಟ್ಟುಕೊಡದು. ಅಗೆದು ತೆಗೆದ ಅದೇ ಮಣ್ಣನ್ನು ಗೋಡೆಗೊತ್ತಿ ತುಂಬದೆ, ಮರಳು ಜಲ್ಲಿಗಳನ್ನು ತುಂಬಿ, ತಳದಲ್ಲಿ ರಂಧ್ರಗಳುಳ್ಳ ಕೊಳವೆಯಿಟ್ಟು, ಬಂದ ನೀರನ್ನು ತಗ್ಗಿಗೆ ಬಸಿಯಿಸಬೇಕು. ನೀರನ್ನು ತಡೆಯುವದು ಎರಡನೆಯ ಮಾತು; ಅದಕ್ಕೆ ದಾರಿ ಕೊಡುವದು ಮೊದಲನೆಯದು. ಬಸಿದ ನೀರು ಹೋಗಲು ತಗ್ಗೇ ಇಲ್ಲದ ಕಡೆ ಹಗಲಿರುಳು ಪಂಪನ್ನು ನಂಬಬೇಕಾಗುವದು. ವಿದ್ಯುತ್ತು ಹೋದ ರಾತ್ರಿ ದಾಸ್ತಾನಿನ ಗತಿಯೇನು? ಅಂಥಲ್ಲಿ ನೆಲಮಾಳಿಗೆಯ ಆಶೆ ಬಿಟ್ಟು ಮೇಲೊಂದು ಅಂತಸ್ತು ಕಟ್ಟುವದೇ ಲೇಸು.

ಇಲ್ಲಿಗೆ ಮನೆಯ ಮಾತು ಮುಗಿಯಿತು, ಊರಿನದು ಮುಗಿಯಲಿಲ್ಲ. ನೆಲಮಾಳಿಗೆಯ ಗೋಡೆ ಕೆಡಿಸುವ ನೀರೇ ಹೊಲವನ್ನೂ ಸವಳು-ಜವಳು ಮಾಡುವದು. ಎಡದಂಡೆಯ ಅಚ್ಚುಕಟ್ಟನ್ನು ಯೋಜಿಸಿದಾಗ ಅದರ ಬಹುಭಾಗವು ಅಲ್ಪ ನೀರಿನ ಬೆಳೆಗಳಿಗೆಂದು ಇತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿತು. ಅಲ್ಲಿ ಹೆಚ್ಚಾದ ನೀರು ನೆಲಕ್ಕಿಳಿದು ಬೇರನ್ನು ಕೊಳೆಸುತ್ತಿರುವಾಗ, ಮಾನವಿ ರಾಯಚೂರುಗಳ ಕೊನೆಯ ಭಾಗದ ರೈತನು ಒಣಗಿದ ಕಾಲುವೆಯನ್ನು ನೋಡುತ್ತ ಕುಳ್ಳಿರುವನು. ಒಬ್ಬನಿಗೆ ಶಾಪವಾದ ನೀರು ಇನ್ನೊಬ್ಬನಿಗೆ ಸಿಕ್ಕದ ವರವೇ ಆಗಿರುವದು. ಇದಕ್ಕಿಂತ ದೊಡ್ಡ ಅನ್ಯಾಯವುಂಟೇ?

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಹೊಲಗಳ ಒಳಗೆ ರಂಧ್ರದ ಕೊಳವೆಗಳನ್ನು ಹೂಳಿ ನೀರು ಬಸಿಯಿಸುವ ಪದ್ಧತಿಯನ್ನು ಪರೀಕ್ಷಿಸಿರುವರು. ಮನೆಯ ಗೋಡೆಗೆ ಹೇಳಿದ ಉಪಾಯವೇ ಹೊಲಕ್ಕೂ ಸಲ್ಲುವದು. ಆದರೆ ಕೊಳವೆಯ ನೀರು ಸೇರಬೇಕಾದ ಬಸಿಗಾಲುವೆಯೇ ಹೂಳು ತುಂಬಿ ಆಪು ಬೆಳೆದಿದ್ದರೆ ಅದರಿಂದ ಬಂದ ಫಲವೇನು?

ನಾವು ಸರಕಾರಕ್ಕೂ ನಗರಸಭೆಗೂ ಕೇಳುವದು ಹೆಚ್ಚಿನದಲ್ಲ. ಬಸಿಗಾಲುವೆಗಳನ್ನು ವರ್ಷಕ್ಕೊಮ್ಮೆ ತೆಗೆಯಿಸಿರಿ. ಪೇಟೆಯ ನಾಲ್ಕೂ ದಿಕ್ಕಿಗೆ ಅಂತರ್ಜಲವನ್ನು ತಿಂಗಳು ತಿಂಗಳು ಅಳೆಯಿಸಿ ಜನರಿಗೆ ಪ್ರಕಟಿಸಿರಿ. ನೆಲಮಾಳಿಗೆಗೆ ಅಪ್ಪಣೆ ಕೊಡುವ ಮೊದಲು ಬಸಿದ ನೀರು ಎಲ್ಲಿಗೆ ಹೋಗುವದೆಂದು ಕೇಳಿರಿ. ಮೇಲ್ಭಾಗದ ರೈತ ಬಂಧುಗಳಿಗೆ ನಮ್ಮ ಬಿನ್ನಹವೊಂದೇ: ಬೇಕಾದಷ್ಟು ನೀರು ತೆಗೆದುಕೊಳ್ಳಿರಿ, ಮಿಕ್ಕುದನ್ನು ಮುಂದಕ್ಕೆ ಬಿಡಿರಿ. ಹಾಗೆ ಮುಂದಕ್ಕೆ ಬಿಟ್ಟ ನೀರು ನಿಮ್ಮ ಹೊಲವನ್ನೂ ಪೇಟೆಯವನ ಗೋಡೆಯನ್ನೂ ಕೊನೆಯವನ ಬೆಳೆಯನ್ನೂ ಒಟ್ಟಿಗೆ ಉಳಿಸುವದು.

ಹಗೇವು ತೋಡಿದ ಹಿರಿಯರು ಓದಿದವರಲ್ಲ. ಆದರೆ ಹಾರೆ ಹಿಡಿಯುವ ಮೊದಲು ನೀರು ಎಲ್ಲಿದೆಯೆಂದು ವಿಚಾರಿಸುತ್ತಿದ್ದರು. ಅಷ್ಟು ಬುದ್ಧಿ ನಮಗೂ ಬರಲಿ.