ಮೂರಕ್ಕೆ ಹೇಳಿದ ಬುದ್ಧಿ

ಅವ್ವ ಮರದಾಗ ತೊಗರಿಬೇಳೆ ಹಸನು ಮಾಡೋದನ್ನ ನೋಡಿ ಬೆಳೆದವರು ನಾವು, ಹುಮನಾಬಾದ್ ಕಡೆಯವರು. ಈಗ ಮಿಲ್ಲುಗಳಲ್ಲಿ ಆ ಕೆಲಸಕ್ಕೆ ಕ್ಯಾಮೆರಾ ಇರುವ ಯಂತ್ರಗಳಿವೆ. ಬೀಳುವ ಬೇಳೆಯಲ್ಲಿ ಕಪ್ಪು ಕಾಳು ಕಂಡರೆ ಗಾಳಿ ಊದಿ ಹೊರಗೆ ಹಾಕುತ್ತವೆ. ಹೀಗೆ ಕಬ್ಬಿಣ, ಕರೆಂಟು, ಕಂಪ್ಯೂಟರು ಮೂರೂ ಕೂಡಿ ದುಡಿಯುವುದಕ್ಕೆ ಮೆಕಾಟ್ರಾನಿಕ್ಸ್ ಅಂತಾರೆ. 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ಒಬ್ಬರು ಇಟ್ಟ ಹೆಸರದು.

ಕೆಲವು ವರ್ಷದ ಹಿಂದೆ ಒಂದು ಬೇಳೆ ಮಿಲ್ಲಿನ ನಾಲ್ಕು ಎಲಿವೇಟರುಗಳಿಗೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಜನ ಹತ್ತುವ ಲಿಫ್ಟ್ ಅಲ್ರಿ, ಬೆಲ್ಟಿಗೆ ಸಾಲಾಗಿ ಬಕೆಟ್ ಕೂರಿಸಿ ಕಾಳನ್ನು ಮೇಲೆ ಒಯ್ಯುವ ಯಂತ್ರ. ಒಂದಕ್ಕೆ ಬರೆದೆ, ಉಳಿದ ಮೂರಕ್ಕೆ ಕಾಪಿ ಹೊಡೆದೆ.

ಅಡಿಯಲ್ಲಿ ಕಾಳು ತುಂಬಿ ಬೆಲ್ಟ್ ಸಿಕ್ಕಿಕೊಂಡರೆ ಮೋಟಾರು ಟ್ರಿಪ್ ಆಗುತ್ತದೆ. ಬಾಗಿಲು ತೆಗೆದು ಕಾಳು ಬಾಚಿ, ಆಮೇಲೆ ರಿಸೆಟ್ ಒತ್ತಬೇಕು. ನನ್ನ ಪ್ರೋಗ್ರಾಂನಲ್ಲಿ ಒಂದು ತಪ್ಪಿತ್ತು. ಹಳೆಯ ಸ್ಟಾರ್ಟ್ ಆದೇಶ ಒಳಗೆ ಹಾಗೇ ಉಳಿದು, ರಿಸೆಟ್ ಒತ್ತಿದ ಕೂಡಲೇ ಮೋಟಾರು ತಾನೇ ತಿರುಗುತ್ತಿತ್ತು. ಗೊತ್ತಾದ ಮೇಲೆ ತಿದ್ದಿದೆ. ಮೂರು ಕಡೆ ತಿದ್ದಿದೆ, ನಾಲ್ಕನೆಯದು ಮರೆತೆ.

ಒಂದಿನ ಆ ನಾಲ್ಕನೆಯದೇ ಸಿಕ್ಕಿಕೊಂಡಿತು. ಅಲ್ಲಿನ ಹಿರಿಯ ಕೆಲಸಗಾರರು ಎಲ್ಲರಿಗೂ ಕಾಕಾ. ಅವರು ಕಾಳು ಬಾಚಿ ಕೈ ಹೊರಗೆ ತೆಗೆದಿದ್ದರಷ್ಟೇ, ಪ್ಯಾನಲ್ ಹತ್ತಿರ ಇದ್ದ ಹುಡುಗ ರಿಸೆಟ್ ಒತ್ತಿದ. ಹೆಗಲ ಮೇಲಿನ ಟವೆಲ್ ಬಕೆಟ್ಟಿಗೆ ಸಿಕ್ಕು ಸರ್ರನೆ ಮೇಲೆ ಹೋಯಿತು. ಕೈ ಉಳಿಯಿತು.

ಹೋಗಿ ತಪ್ಪೊಪ್ಪಿಕೊಂಡೆ. ಕಾಕಾ ಬೈಯಲಿಲ್ಲ.

"ಅಲ್ಲೋ ತಮ್ಮಾ, ನಾಲ್ಕೂ ಒಂದೇ ನಮೂನಿ ಮಷಿನ್ ಅವ. ಮೂರಕ್ಕ ಹೇಳಿದ ಬುದ್ಧಿ ನಾಲ್ಕನೇದಕ್ಕ ಯಾಕ ಹೇಳಲಿಲ್ಲ?" ಅಂದರು.

ನಾವು ಆಬ್ಜೆಕ್ಟ್ ಓರಿಯೆಂಟೆಡ್ ಅಂತ ದೊಡ್ಡ ಹೆಸರಿಟ್ಟು ಓದಿದ್ದು ಇದನ್ನೇ. ನಾರ್ವೆಯ ಡಾಲ್ ಮತ್ತು ನೈಗಾರ್ಡ್ 1967ರಲ್ಲಿ ಸಿಮುಲಾ 67 ಭಾಷೆಯಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಹೊರಗಿನ ವಸ್ತುಗಳ ನಡವಳಿಕೆಯನ್ನು ಕಂಪ್ಯೂಟರಿನೊಳಗೆ ಮಾಡಿ ನೋಡುವುದು ಅವರ ಉದ್ದೇಶ. ಕಾರ್ಖಾನೆ ಯಂತ್ರ ನಡೆಸುವ ಪಿಎಲ್‌ಸಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61131-3ಕ್ಕೆ ಈ ಪದ್ಧತಿ ಸೇರಿದ್ದು 2013ರಲ್ಲಿ.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಕಟ್ಟಿಗೆ ಅಚ್ಚು ನೆನಪಿಸಿಕೊಳ್ಳಿ. ಕ್ಲಾಸ್ ಅಂದರೆ ಅಂಥದೊಂದು ಅಚ್ಚು. ಎಲಿವೇಟರಿನ ಮೋಟಾರು, ವೇಗ ನೋಡುವ ಸೆನ್ಸರು, ಬಾಗಿಲಿನ ಸ್ವಿಚ್ಚು, ಇವು ಯಾವಾಗ ಏನು ಮಾಡಬೇಕೆಂಬ ನಿಯಮ ಎಲ್ಲವೂ ಅದರೊಳಗೆ ಒಂದೇ ಗಂಟು. ಆದರೆ ಸಕ್ಕರೆ ಅಚ್ಚು ತಿದ್ದಿದರೆ ಮೊದಲೇ ಎರೆದ ಗೊಂಬೆ ಬದಲಾಗುವುದಿಲ್ಲ. ಇಲ್ಲಿ ಕ್ಲಾಸ್ ತಿದ್ದಿ ಪ್ರೋಗ್ರಾಂ ಹೊಸದಾಗಿ ಹಾಕಿದರೆ ನಾಲ್ಕೂ ಎಲಿವೇಟರಿಗೆ ಒಟ್ಟಿಗೆ ಬುದ್ಧಿ ಬರುತ್ತದೆ. ಹಂಗಂತ ತಪ್ಪು ಬರೆದರೆ ಅದೂ ನಾಲ್ಕಕ್ಕೂ ಹೋಗುತ್ತದೆ. ಅದಕ್ಕೇ ಈ ಸಲ ಬರೆಯುವ ಮೊದಲು ಕಾಕಾನ ಜೊತೆ ಕೂತೆ. ಚಾಲೂ ಆಗುವ ಮೊದಲು ಗಂಟೆ ಹೊಡೀಬೇಕು ಅನ್ನೋದು ಅವರು ಹೇಳಿದ್ದು. ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಹೋದ ವರ್ಷ ಐದನೇ ಎಲಿವೇಟರ್ ಬಂತು. ಅದೇ ಕ್ಲಾಸಿನಿಂದ ಇನ್ನೊಂದನ್ನು ಸೇರಿಸಿ, ಅದರ ವೈರುಗಳ ನಂಬರು ಕೊಟ್ಟೆ. ಸ್ಟಾರ್ಟ್ ಒತ್ತಿದಾಗ ಮೊದಲು ಗಂಟೆ ಹೊಡೀತು, ಆಮೇಲೆ ಬೆಲ್ಟ್ ತಿರುಗಿತು.

"ಇದು ಬುದ್ಧಿ ಕಲ್ತೇ ಬಂದದ ನೋಡು," ಅಂತ ಕಾಕಾ ನಕ್ಕರು.

ಆದರೂ ಬಾಗಿಲು ತೆಗೆಯುವ ಮೊದಲು ಅವರು ಮೇನ್ ಸ್ವಿಚ್ ಬಂದ್ ಮಾಡಿ, ಬೀಗ ಹಾಕಿ, ಕೀಲಿಕೈ ಕಿಸೆಗೆ ಹಾಕಿಕೊಳ್ಳುತ್ತಾರೆ. ಅದನ್ನು ಬಿಡಬ್ಯಾಡ್ರಿ ಅಂತ ನಾನೇ ಹೇಳಿದ್ದೀನಿ. ಪ್ರೋಗ್ರಾಂ ಎಷ್ಟೇ ಚಲೋ ಇದ್ದರೂ, ಒಳಗೆ ಹೋಗೋದು ಕಾಕಾನ ಕೈ.